ಹರಿದ್ರೆಯ ಅಣೆ, ಅಗರದ ತೂಬು: ಐರಣಿಯ ದಾರಿಯಲ್ಲಿ ಕೇಳಿದ ಒಂದು ಪ್ರಶ್ನೆ

ಕಳೆದ ಬೇಸಿಗೆಯಲ್ಲಿ ಐರಣಿಗೆ ಹೋದದ್ದು ಕೋಟೆ ನೋಡೋಕೆ. ರಾಣೆಬೆನ್ನೂರು ತಾಲ್ಲೂಕಿನ ಈ ಊರು ತುಂಗಭದ್ರೆಯ ಎಡದಂಡೆಯ ಮೇಲಿದೆ. ಹೊಳೆಮಠದ ಹೆಸರಿನಿಂದ ಸುತ್ತಲಿನ ಜನಕ್ಕೆಲ್ಲ ಪರಿಚಿತ. ನಮ್ಮಂಥವರಿಗೆ ಮಾತ್ರ ಕೋಟೆಯ ಹುಚ್ಚು. 1800ರ ಜೂನ್ ತಿಂಗಳಲ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಕರ್ನಲ್ ವೆಲ್ಲೆಸ್ಲಿ ಹರಿಹರದಲ್ಲಿ ಹೊಳೆ ದಾಟಿ ರಾಣೆಬೆನ್ನೂರಿಗೆ ನುಗ್ಗಿದ ಸೀಮೆ ಇದು. ಗೋಡೆಯ ಫೋಟೋ ತೆಗೆದೆ, ಹೊಳೆಯ ಫೋಟೋ ತೆಗೆದೆ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗಾಡಿ ತಿರುಗಿಸಿದೆ.

ವಾಪಸ್ ಬರುವ ದಾರಿಯಲ್ಲಿ ಒಂದು ಕೆರೆ. ನೀರಿರಲಿಲ್ಲ. ಒಳಗೆ ಎರಡು ಟ್ರ್ಯಾಕ್ಟರ್ ನಿಂತು ಹೂಳು ತುಂಬಿಕೊಳ್ಳುತ್ತಿದ್ದವು. ಹೊಲಕ್ಕೆ ಕೆರೆಮಣ್ಣು ಹೊಡೆಯೋದು ಈ ಕಡೆ ಹಳೆಯ ರೂಢಿ. ಏರಿಯ ಮೇಲೆ ಕಲ್ಲೇನಾದರೂ ನಿಲ್ಲಿಸಿದ್ದಾರಾ ಅಂತ ನಾನು ಹುಡುಕುವುದನ್ನು ಕಂಡು, ಬೇವಿನ ನೆರಳಲ್ಲಿ ಕೂತಿದ್ದ ಹಿರಿಯರೊಬ್ಬರು ಮಾತಾಡಿಸಿದರು.

"ಏನ್ರೀ ಸರ, ಕಲ್ಲು ಓದಾಕ ಬಂದೀರೇನು?"

"ಹೌದ್ರಿ ಅಜ್ಜಾರ. ಇಲ್ಲೇನಾದ್ರೂ ಬರದ ಕಲ್ಲು ಅದಾವೇನ್ರಿ?"

"ಅದು ಇರ್ಲಿ. ನೀವು ಓದೂ ಕಲ್ಲನ್ಯಾಗ, ಹೂಳು ತೆಗಿಯಾಕ ರೊಕ್ಕ ಯಾರು ಕೊಡಬೇಕಂತ ಬರದೈತೇನು?"

ಅವರು ನಗುತ್ತ ಕೇಳಿದ್ದು. ಬರೆದಿದೆ ಅಂತ ನಾನು ಹೇಳಿದಾಗ ನಗು ನಿಂತಿತು. ಅವತ್ತು ಅವರಿಗೆ ನಿಂತಲ್ಲೇ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಹೊಳೆಯ ಆಚೆ ದಂಡೆಗೆ ಹೋಗೋಣ. 1956ರವರೆಗೂ ಈ ಭಾಗದಲ್ಲಿ ತುಂಗಭದ್ರೆಯೇ ಗಡಿ. ಐರಣಿ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿ, ಎದುರು ದಂಡೆಯ ಹರಿಹರ ಮೈಸೂರು ಸೀಮೆಯಲ್ಲಿ. ಈ ಗಡಿ ನಮ್ಮ ಶಾಸನಗಳನ್ನೂ ಹಂಚಿಬಿಟ್ಟಿತು. ಆಚೆಯವು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟ ಸೇರಿದವು. ಈಚೆಯವು ಫ್ಲೀಟ್ ಅವರ ಕೈಗೂ ಆಮೇಲೆ ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಷನ್ಸ್‌ನ ಬಾಂಬೆ-ಕರ್ನಾಟಕ ಸಂಪುಟಗಳಿಗೂ ಹೋದವು. ಹಾಗಾಗಿ ರಾಣೆಬೆನ್ನೂರಿನಲ್ಲಿ ಕೂತು ಓದುವವರ ಕಣ್ಣಿಗೆ ಹರಿಹರದ ಕಲ್ಲುಗಳು ಬೀಳೋದೇ ಕಡಿಮೆ. ನಾನೂ ತಡವಾಗಿಯೇ ಓದಿದ್ದು.

ಹರಿಹರದ ಬಳಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಸಣ್ಣ ಹೊಳೆ, ಸೂಳೆಕೆರೆಯ ಕಡೆಯಿಂದ ಬರುವ ಹಳ್ಳ. ಒಂದನೇ ದೇವರಾಯನ ಕಾಲದಲ್ಲಿ, ಕ್ರಿ.ಶ. 1410ರಲ್ಲಿ, ಇದಕ್ಕೆ ಅಣೆ ಕಟ್ಟಿ ಕಾಲುವೆ ತೆಗೆದ ಸಂಗತಿ ಶಾಸನದಲ್ಲಿದೆ. ನೆಲ ಹರಿಹರೇಶ್ವರ ದೇವರದು, ಖರ್ಚು ಊರಿನ ಬ್ರಾಹ್ಮಣ ಮಹಾಜನರದು. ಆದ್ದರಿಂದ ಒಪ್ಪಂದ ಹೀಗಾಯಿತು: ಕಾಲುವೆ ನೀರುಣಿಸುವ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಮಹಾಜನರಿಗೆ. ಕಾಲುವೆ ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ ಇದೇ ಲೆಕ್ಕ. ರಾಯನ ಹೆಸರು ಶಾಸನದಲ್ಲಿದೆ, ಬಿರುದುಗಳೂ ಇವೆ. ಆದರೆ ಕಲ್ಲಿಗೆ ಬೇಕಾಗಿದ್ದದ್ದು ಈ ಎರಡು-ಒಂದರ ಲೆಕ್ಕ ಅಂತ ನನಗೆ ಓದಿದಾಗಲೆಲ್ಲ ಅನ್ನಿಸುತ್ತೆ.

ಕತೆ ಇಲ್ಲಿಗೇ ಮುಗಿದಿದ್ದರೆ ಸಾಧಾರಣ ದಾನಶಾಸನ ಅಂತ ಪುಟ ತಿರುಗಿಸಬಹುದಿತ್ತು. ಹರಿಹರದಲ್ಲಿ ಇನ್ನೊಂದು ಕಲ್ಲಿದೆ, 1424ರದು. ಅಷ್ಟರೊಳಗೆ ಅಣೆ ಒಡೆದುಹೋಗಿತ್ತು. ಹದಿನಾಲ್ಕು ವರ್ಷವೂ ಪೂರ್ತಿ ಬಾಳಲಿಲ್ಲ! ಬುಳ್ಳಪ್ಪ ಎಂಬವನು ಸೇನಾನಿ ಚಾಮನೃಪನನ್ನು ಕೇಳಿಕೊಂಡು ಅದನ್ನು ಮತ್ತೆ ಕಟ್ಟಿಸಿದ. ಒಡೆದದ್ದನ್ನು ಮುಚ್ಚಿಡದೆ ಕಲ್ಲಿನಲ್ಲೇ ಕೊರೆಸಿದ್ದಾರೆ. ನೀರಾವರಿಯ ಚರಿತ್ರೆ ಬರೆಯುವಾಗ ನಾವು 'ಕಟ್ಟಿಸಿದನು' ಅನ್ನೋ ಕ್ರಿಯಾಪದವನ್ನೇ ಎಣಿಸುತ್ತೇವೆ. ಒಡೆಯಿತು, ಮತ್ತೆ ಕೂಡಿದರು ಅನ್ನೋದರ ಪಟ್ಟಿ ಮಾಡಿದವರು ಕಡಿಮೆ. ಒಂದು ಊರು ಬಾಳುತ್ತಾ ಇಲ್ಲವಾ ಅನ್ನೋದು ತಿಳಿಯೋದು 1424ರ ಕಲ್ಲಿನಲ್ಲಿ, 1410ರದರಲ್ಲಿ ಅಲ್ಲ.

ದುರಸ್ತಿಯೂ ಶಾಸನಕ್ಕೆ ಯೋಗ್ಯವಾದ ಕೆಲಸ ಎಂಬ ಈ ತಿಳಿವಳಿಕೆ ವಿಜಯನಗರದ ಕಾಲದ್ದಷ್ಟೇ ಅಲ್ಲ. ಬೆಂಗಳೂರಿನ ಅಗರದಲ್ಲಿ 9ನೇ ಶತಮಾನದ ಗಂಗರ ಕಾಲದ ಶಾಸನವಿದೆ. ಇರುಗಮಯ್ಯನ ಮಗ ಸಿರಿಮಯ್ಯ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂಡಣ ಕೆರೆಯನ್ನು ಕಟ್ಟಿಸಿ, ಮೂರೂ ಕೆರೆಗಳ ಬಿತ್ತುವಟ್ಟವನ್ನು ಪಡೆದ. ಇದ್ದ ಕೆರೆಗೆ ಒಂದು ತೂಬು! ನಮ್ಮ ಕಾಲದಲ್ಲಿ ಅದಕ್ಕೊಂದು ಉದ್ಘಾಟನೆಯ ರಿಬ್ಬನ್ನೂ ಸಿಗಲಿಕ್ಕಿಲ್ಲ. ತೂಬು ಕೆಟ್ಟರೆ ಕೆರೆಯಲ್ಲಿ ನೀರಿದ್ದೂ ಗದ್ದೆಗಿಲ್ಲ, ಅಥವಾ ಗದ್ದೆಗೆ ಹರಿದು ಕೆರೆಗಿಲ್ಲ. ಅದನ್ನು ಬಲ್ಲವರು ಕಲ್ಲು ನೆಟ್ಟರು. ಅಗರದ ಕೆರೆ ಈಗಲೂ ಇದೆ, ರಿಂಗ್ ರೋಡಿನ ವಾಹನಗಳ ಪಕ್ಕದಲ್ಲಿ.

ಬಿತ್ತುವಟ್ಟ ಅಂದರೆ ಕೆರೆ ಕಟ್ಟಿದವರಿಗೆ ಅಥವಾ ಅದರ ಪಾಲನೆಗೆ ಬಿಟ್ಟ ಭೂಮಿ, ಇಲ್ಲವೇ ಬೆಳೆಯ ಪಾಲು. ಕೆರೆಗೊಡಗಿ, ಕಟ್ಟುಗೊಡಗಿ ಇದೇ ಕುಟುಂಬದ ಮಾತುಗಳು. ಹತ್ತರಲ್ಲೊಂದು ಎಂಬ ಲೆಕ್ಕದಿಂದ ಬಂದದ್ದು ದಸವಂದ. ಇನ್ನು ಕೆಲವು ಶಾಸನಗಳು ಹೂಳು ಹೊರುವ ಬಂಡಿಗೂ, ಅದನ್ನು ಎಳೆಯುವ ಕೋಣಗಳಿಗೂ, ಬಂಡಿ ಹೊಡೆಯುವ ಆಳಿಗೂ ಏರ್ಪಾಡು ಮಾಡುತ್ತವೆ. ಬಂಡಿ ವರ್ಷವಿಡೀ ಇರಬೇಕು, ಬರಗಾಲ ಬಂದ ವರ್ಷ ಮಾತ್ರ ಅಲ್ಲ. ಈ ವಿಷಯದಲ್ಲಿ ಆಸಕ್ತಿ ಇರುವವರು ಜಿ.ಎಸ್. ದೀಕ್ಷಿತ್, ಜಿ.ಆರ್. ಕುಪ್ಪುಸ್ವಾಮಿ, ಎಸ್.ಕೆ. ಮೋಹನ್ ಸೇರಿ ಬರೆದ ಕರ್ನಾಟಕದ ಕೆರೆ ನೀರಾವರಿಯ ಪುಸ್ತಕವನ್ನು ಓದಲೇಬೇಕು. ನಾನು ಅದರ ಪುಟಗಳ ಅಂಚಿನಲ್ಲಿ ಗೀಚಿ ಗೀಚಿ ಹಾಳು ಮಾಡಿದ್ದೇನೆ.

ತಾಂತ್ರಿಕ ಜ್ಞಾನಕ್ಕೆ ಪ್ರಸಿದ್ಧವಾದದ್ದು ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಶಾಸನ, ಕ್ರಿ.ಶ. 1369. ಬುಕ್ಕರಾಯನ ಮಗ ಭಾಸ್ಕರ ಭವದೂರನದು. ಒಳ್ಳೆಯ ಕೆರೆಗೆ ಹನ್ನೆರಡು ಅಂಗ, ಆರು ದೋಷ ಅಂತ ಅದು ಪಟ್ಟಿ ಮಾಡುತ್ತದೆ. ಏರಿಯಲ್ಲಿ ನೀರು ಜಿನುಗುವುದು ಒಂದು ದೋಷ, ಸವುಳು ಮಣ್ಣು ಇನ್ನೊಂದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷವಂತೆ! ಕಾವೇರಿ, ಕೃಷ್ಣಾ, ಮಹದಾಯಿ ಸುದ್ದಿ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಕಡಿಮೆ ಇದ್ದು ಭೂಮಿ ಹೆಚ್ಚಾಗುವುದು ದೋಷ, ಭೂಮಿ ಕಡಿಮೆ ಇದ್ದು ನೀರು ಹೆಚ್ಚಾಗುವುದೂ ದೋಷ. ಅಂದರೆ ದೊಡ್ಡದಾದಷ್ಟೂ ಒಳ್ಳೇದು ಅಂತ ಆ ಕಾಲದವರು ತಿಳಿದಿರಲಿಲ್ಲ, ಅಳತೆಗೆ ತಕ್ಕದ್ದು ಒಳ್ಳೇದು ಅಂದುಕೊಂಡಿದ್ದರು. ಅಲ್ಲಿ ಸಾವಿರ ಆಳು, ನೂರು ಬಂಡಿ ಎರಡು ವರ್ಷ ದುಡಿದವು. ಆ ಸಾವಿರದಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಹರಿದ್ರೆಯ ಎರಡು-ಒಂದರ ಪಾಲಿನಲ್ಲೂ ಹಾಗೇ, ದೇವರಿದ್ದಾನೆ, ಮಹಾಜನರಿದ್ದಾರೆ, ಮಣ್ಣು ಹೊತ್ತವರಿಲ್ಲ. ಹಿಂದಿನ ಊರುಗಳ ಸಮುದಾಯ ಜೀವನವನ್ನು ಕೊಂಡಾಡುವಾಗ ನಾವು ಇದನ್ನು ಮರೆಯಬಾರದು.

ಇದೆಲ್ಲ ಹಳ್ಳಿಯ ಮಾತಾಯಿತು, ಪಟ್ಟಣಕ್ಕೇನು ಸಂಬಂಧ ಅಂತ ಕೇಳಬಹುದು. ನಮ್ಮ ಕಡೆ ಪಟ್ಟಣಗಳು ಬೆಳೆದದ್ದೇ ಇಂಥ ನೀರಿನ ದಂಡೆಯಲ್ಲಿ. ಮಹಾಜನರಿದ್ದ ಹಾವೇರಿಗೆ ಪಕ್ಕದಲ್ಲೇ ಹೆಗ್ಗೆರೆ. ಲಕ್ಕುಂಡಿಗೆ ಗುಡಿಗಳಷ್ಟೇ ಹೆಸರು ತಂದದ್ದು ಅದರ ಕಲ್ಲಿನ ಬಾವಿಗಳು. ಕೇರಿಗೊಂದು ಬಾವಿ, ಊರಿಗೊಂದು ಕೆರೆ, ಕೋಡಿಯ ಕೆಳಗೆ ಇನ್ನೊಂದು ಕೆರೆ. ಒಂದೇ ಕಡೆಯಿಂದ ಎಲ್ಲರಿಗೂ ನೀರು ತರುವ ಯೋಚನೆ ಬಂದದ್ದು ಬಹಳ ಈಚೆಗೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನಾನು ಬೆಳೆದ ಓಣಿಯಲ್ಲಿ ಒಂದು ಬಾವಿಯಿತ್ತು. ಒಳಗೆ ಇಳಿಯಲು ಕಲ್ಲಿನ ಮೆಟ್ಟಿಲು, ಕಟ್ಟೆಯ ಮೇಲೆ ಹಗ್ಗ ಉಜ್ಜಿ ಬಿದ್ದ ಗೆರೆಗಳು. ನಳ ಬಂದ ಮೇಲೆ ಯಾರೂ ಸೇದಲಿಲ್ಲ. ಕಸ ಬಿತ್ತು, ಸೊಳ್ಳೆ ಬಂತು, ಮಕ್ಕಳು ಬಿದ್ದಾರು ಅನ್ನೋ ಹೆದರಿಕೆ ಬಂತು. ಓಣಿಯವರೆಲ್ಲ ಕೂಡಿ ಪಟ್ಟಿ ಎತ್ತಿದೆವು, ಮಣ್ಣು ತುಂಬಿಸಿ ಮೇಲೆ ಸಿಮೆಂಟ್ ಹಾಕಿಸಿದೆವು. ಆಗ ಕಾಲೇಜು ಓದುತ್ತಿದ್ದ ನಾನೇ ಮನೆ ಮನೆಗೆ ಹೋಗಿ ಹಣ ಬರೆದುಕೊಂಡವನು. ಎಲ್ಲರೂ ಕೊಟ್ಟರು, ಇಲ್ಲ ಅಂದವರೇ ಇಲ್ಲ. ಆಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಳ ಬರುವ ಕಾಲ ಬಂದಾಗ, ಟ್ಯಾಂಕರ್ ಬಂದು ನಿಲ್ಲುತ್ತಿದ್ದದ್ದು ಅದೇ ಸಿಮೆಂಟ್ ಮೇಲೆ. ಜನ ಕೂಡಿದರೆ ಎಲ್ಲ ಒಳ್ಳೆಯದಾಗುತ್ತೆ ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಆ ಪಟ್ಟಿ ನೆನಪಾಗುತ್ತದೆ. ಕೂಡಿದ್ದೆವು, ಆದರೆ ಬಾವಿಯನ್ನು ವರ್ಷಕ್ಕೊಮ್ಮೆ ಶುಚಿ ಮಾಡೋದು ಯಾರ ಪಾಲಿನ ಕೆಲಸ ಅಂತ ನಮ್ಮಲ್ಲಿ ಯಾರೂ ಬರೆದಿಟ್ಟಿರಲಿಲ್ಲ.

ಬೆಂಗಳೂರಿನಲ್ಲಿ ಈಗ ಇದರ ಉಲ್ಟಾ ಕೆಲಸ ನಡೆದಿದೆ. ಬಯೋಮ್ ಎನ್ವಿರಾನ್ಮೆಂಟಲ್ ಟ್ರಸ್ಟ್ ಹತ್ತು ಲಕ್ಷ ಬಾವಿಗಳ ಗುರಿ ಇಟ್ಟುಕೊಂಡು, ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರ ಜೊತೆ ದುಡಿಯುತ್ತಿದೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಮತ್ತೆ ಜೀವ ಬಂದದ್ದು ಆ ಕೈಗಳಿಂದಲೇ. ಮೂರು ಅಡಿ ಅಗಲದ ಇಂಗುಬಾವಿ ನೋಡೋಕೆ ಏನೂ ಅಲ್ಲ, ಸಿರಿಮಯ್ಯನ ತೂಬಿನ ಹಾಗೆ.

ನಮ್ಮ ಹಾವೇರಿ ಜಿಲ್ಲೆಗೂ 2000ದ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಜಲಸಂವರ್ಧನೆ ಯೋಜನೆ ಬಂದಿತ್ತು. ಊರೂರಿಗೆ ಕೆರೆ ಬಳಕೆದಾರರ ಸಂಘ ಮಾಡಿ, ಊರವರ ಪಾಲಿನ ವಂತಿಗೆಯನ್ನೂ ಕೇಳಿ ಕೆರೆ ಸುಧಾರಿಸುವ ಏರ್ಪಾಡು. ಯೋಚನೆ ಸರಿಯಾದದ್ದೇ. ಆದರೆ ಯೋಜನೆಗೆ ಮುಗಿಯುವ ದಿನ ಇರುತ್ತದೆ, ಹೂಳಿಗೆ ಇಲ್ಲ. ಕೊಡಗಿ ಭೂಮಿಯ ಜಾಣತನ ಇಲ್ಲೇ ಇದ್ದದ್ದು. ಹಣ ಹೊರಗಿಂದ ಬರಬೇಕಾಗಿರಲಿಲ್ಲ, ಅದೇ ಕೆರೆಯ ನೀರಲ್ಲಿ ಬೆಳೆದದ್ದು ಅದೇ ಕೆರೆಯ ಬಂಡಿಗೆ ಹೋಗುತ್ತಿತ್ತು. ಕೆರೆ ಕೆಟ್ಟರೆ ಪಾಲಕನ ಊಟವೂ ಕೆಡುತ್ತಿತ್ತು. ರಾಣೆಬೆನ್ನೂರು, ಬ್ಯಾಡಗಿಯಂಥ ಬೆಳೆಯುತ್ತಿರುವ ಊರುಗಳಲ್ಲಿ ಇದನ್ನು ಈಗ ಹೇಗೆ ಹೊಂದಿಸೋದು? ಕೆರೆದಂಡೆಯ ಸಂತೆಯ ಕರದಲ್ಲಿ ಒಂದು ಪಾಲು, ಮೀನಿನ ಹರಾಜಿನಲ್ಲಿ ಒಂದು ಪಾಲು ಅದೇ ಕೆರೆಯ ಹೆಸರಿಗೆ ಬರೆದಿಡೋಕೆ ಏನಡ್ಡಿ? ದಸವಂದ ಅಂತಲೇ ಕರೆಯಬಹುದು, ಹೊಸ ಹೆಸರು ಹುಡುಕಬೇಕಾಗಿಲ್ಲ.

ಬೇವಿನ ನೆರಳಿನ ಅಜ್ಜನಿಗೆ ಅವತ್ತು ಇಷ್ಟೆಲ್ಲ ಹೇಳಲಿಲ್ಲ. ಹರಿದ್ರೆಯ ಅಣೆಯ ಸಂಗತಿ, ಎರಡು ಪಾಲು, ಒಂದು ಪಾಲು, ಒಡೆದದ್ದು, ಮತ್ತೆ ಕಟ್ಟಿದ್ದು, ಇಷ್ಟು ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ದೇವರಿಗೆ ಎಲ್ಡು, ಐನೋರಿಗೆ ಒಂದು. ಹೌದಲ್ರೀ? ಮತ್ತ ಅಗದವರಿಗೆ?"

"ಅದನ್ನ ಬರದಿಲ್ರಿ ಅಜ್ಜಾರ."

"ಬರ್ಸಬೇಕಾಗಿತ್ತು" ಅಂದರು. ಅಷ್ಟರಲ್ಲಿ ಟ್ರ್ಯಾಕ್ಟರ್ ಏರಿ ಹತ್ತಿ ಬಂತು. ಅವರ ಮೊಮ್ಮಗನಂತೆ, ಒಂದು ಟ್ರಿಪ್ಪಿಗೆ ಎಷ್ಟು ಡೀಸೆಲ್ ಆಯ್ತು ಅಂತ ಅಲ್ಲಿಂದಲೇ ಕೂಗಿ ಹೇಳುತ್ತಿದ್ದ.