ಕೈಗಂಟಿನ ರತ್ನಗಂಬಳಿ: ಅಜರ್‌ಬೈಜಾನಿನ ಸಮಕಾಲೀನ ಕಲೆ

ಕೈಗಂಟಿನ ರತ್ನಗಂಬಳಿಯ ನೇಯ್ಗೆಯಲ್ಲಿ ಮಗ್ಗಕ್ಕೆ ಬಿಗಿದ ಹಾಸಿನ, ಅಂದರೆ ಉದ್ದನೂಲಿನ, ಎರಡೆರಡು ಎಳೆಗಳಿಗೆ ಬಣ್ಣದ ಉಣ್ಣೆಯನ್ನು ಸುತ್ತಿ ಗಂಟು ಹಾಕಿ ತುದಿಯನ್ನು ಕತ್ತರಿಸಲಾಗುತ್ತದೆ. ಒಂದು ಸಾಲು ಮುಗಿದ ಮೇಲೆ ಹೊಕ್ಕನ್ನು, ಅಂದರೆ ಅಡ್ಡನೂಲನ್ನು, ಹಾಯಿಸಿ ಹಣಿಗೆಯಿಂದ ಬಡಿದು ಗಂಟುಗಳನ್ನು ಬಿಗಿಯಾಗಿ ಕೂರಿಸಲಾಗುತ್ತದೆ. ಪ್ರತಿ ಗಂಟೂ ಚಿತ್ರದ ಒಂದು ಬಿಂದುವಾಗುವುದರಿಂದ, ಗಂಟುಗಳು ಒತ್ತೊತ್ತಾದಷ್ಟೂ ರೇಖೆಗಳು ಸೂಕ್ಷ್ಮವಾಗುತ್ತವೆ.

ಕಾಕಸಸ್ ಸೀಮೆಯ ಅಜರ್‌ಬೈಜಾನಿನಲ್ಲಿ ಗಂಡಸರು ಕುರಿಗಳ ಉಣ್ಣೆ ಕತ್ತರಿಸುವುದು, ಹೆಂಗಸರು ಅದನ್ನು ನೂತು, ಬಣ್ಣ ಹಾಕಿ ನೇಯುವುದು ವಾಡಿಕೆಯಾಗಿದ್ದು, ಹಿರಿಯ ಹೆಂಗಸರಿಂದ ಹೆಣ್ಣುಮಕ್ಕಳಿಗೆ ದಾಟಿಬಂದ ಈ ವಿದ್ಯೆಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಅಮೂರ್ತ, ಎಂದರೆ ಆಚರಣೆ ಮತ್ತು ಕೌಶಲದ ರೂಪದಲ್ಲಿ ಉಳಿದಿರುವ, ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಪರಂಪರೆಯನ್ನು ಸಮಕಾಲೀನ ಕಲೆಯ ಮಾಧ್ಯಮವಾಗಿಸಿದವರಲ್ಲಿ, 1982ರಲ್ಲಿ ಸುಮ್ಗಾಯಿತ್ ನಗರದಲ್ಲಿ ಜನಿಸಿ ಬಾಕುವಿನಲ್ಲಿ ಶಿಲ್ಪಕಲೆಯನ್ನು ಅಭ್ಯಾಸ ಮಾಡಿದ ಫಾಯಿಗ್ ಅಹ್ಮದ್ ಪ್ರಮುಖರು. ಅವರು ಸಾಂಪ್ರದಾಯಿಕ ವಿನ್ಯಾಸವನ್ನು ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ, ತಿರುಚಿ ಅಥವಾ ಚೌಕಗಳಾಗಿ ಒಡೆದು ನಕ್ಷೆಯನ್ನು ಸಿದ್ಧಪಡಿಸುತ್ತಾರೆ. ನುರಿತ ನೇಕಾರರು ಅದನ್ನು ಹಳೆಯ ವಿಧಾನದಲ್ಲೇ ಗಂಟು ಗಂಟಾಗಿ ನೇಯುತ್ತಾರೆ. ಹೀಗಾಗಿ ಕೆಲವು ಕೃತಿಗಳ ಮೇಲ್ಭಾಗದಲ್ಲಿ ಅಂಚು, ಪದಕ, ಹೂಬಳ್ಳಿಗಳು ಕ್ರಮಬದ್ಧವಾಗಿದ್ದರೆ, ಕೆಳಭಾಗದಲ್ಲಿ ಅವೇ ಬಣ್ಣಗಳು ಕರಗಿ ನೆಲಕ್ಕೆ ಹರಿದಂತೆ ಕಾಣುತ್ತವೆ.

ಗೋಡೆಯ ಮೇಲೆ ಶಿಲ್ಪದಂತೆ ನಿಲ್ಲುವ ಇಂತಹ ಕೃತಿಗಳಲ್ಲಿ ಕಲ್ಪನೆ ಕಲಾವಿದನದಾದರೂ, ವಕ್ರರೇಖೆಯೊಂದನ್ನು ಗಂಟುಗಳ ಲೆಕ್ಕದಲ್ಲಿ ತಪ್ಪಿಲ್ಲದೆ ಮೂಡಿಸುವ ಜಾಣ್ಮೆ ನೇಕಾರರದು. ಆದ್ದರಿಂದ ಅವರ ಪಾಲನ್ನೂ ಕಲಾಸೃಷ್ಟಿಯೆಂದೇ ಪರಿಗಣಿಸುವುದು ನ್ಯಾಯೋಚಿತ.