ಬಾಣದ ಮೊನಿ, ಹಂದಿ ಮತ್ತು ನಮ್ಮ ಹೊಲ



ಗೋವಿನಜೋಳದ ತೆನಿ ಹಾಲುಗಾಳಿಗೆ ಬಂದಾವ. ಗುಡ್ಡದ ಮಗ್ಗಲ ಹೊಲ ಇದ್ದವರಿಗೆ ಈಗ ನಿದ್ದಿ ಇಲ್ಲ. ಹೋದ ವಾರ ನನ್ನ ಎರಡೂವರೆ ಎಕರೆಯಾಗ ಒಂದೇ ರಾತ್ರಿ ಹಂದಿ ಹೊಕ್ಕು ಹದಿನೈದು ಸಾಲು ನೆಲಕ್ಕ ಹಾಕಿ ಹೋದವು. ಮುಂಜಾನೆ ಅದನ್ನ ನೋಡಕೋತ ಬದುವಿನ ಮ್ಯಾಲೆ ಕುಂತಿದ್ದೆ. ನಮ್ಮ ಅಕ್ಕನ ಮಗ ಬಂದ. ಬಗಲಾಗ ಒಂದು ಉದ್ದನ ಡಬ್ಬಿ. "ಮಾಮಾ, ಇನ್ನ ಹಂದಿ ಚಿಂತಿ ಬಿಡ್ರಿ" ಅಂದ.

ಡಬ್ಬಿಯಾಗ ಬಿಲ್ಲು ಇತ್ತು. ನಮ್ಮ ಬಿದಿರಿನ ಬಿಲ್ಲಲ್ಲ, ಎರಡೂ ತುದಿಗೆ ಗಾಲಿ ಇರೂ ಕಾಂಪೌಂಡ್ ಬಿಲ್ಲು. ಬಾಣಕ್ಕ ಎರಡು ನಮೂನಿ ಮೊನಿ. ಒಂದು ಮೊಳಿಯಂಗ ಸಣ್ಣದು, ಅದು ರೂಢಿ ಮಾಡಾಕ. ಇನ್ನೊಂದಕ್ಕ ಮೂರು ಬ್ಲೇಡು, ಮುಟ್ಟಿದರ ಬೆರಳು ಕೊಯ್ಯತೈತಿ. ಅದಕ್ಕ ಬ್ರಾಡ್‌ಹೆಡ್ ಅಂತಾರಂತ, ಅಂದ್ರ ಅಗಲ ಮೊನಿ. ಒಂದು ತಿಂಗಳು ಮೊಬೈಲ್‌ನ್ಯಾಗ ಅಮೆರಿಕದವರ ಬ್ಯಾಟಿ ವಿಡಿಯೋ ನೋಡ್ಯಾನ. ಬೇವಿನ ಗಿಡಕ್ಕ ಹೊಟ್ಟಿನ ಚೀಲ ಕಟ್ಟಿ, ಮೊಳಿ ಬಾಣದಿಂದ ಇಪ್ಪತ್ತು ಹೆಜ್ಜಿ ಮ್ಯಾಲಿಂದ ಹೊಡಿಯೂದು ಕಲತಾನ. ಈಗ ರಾತ್ರಿ ನನ್ನ ಹೊಲದಾಗ ಕುಂದರಾಕ ನನ್ನ ಒಪ್ಪಿಗಿ ಬೇಕಿತ್ತು.

ನಾ ಬ್ಯಾಡ ಅಂದೆ. ಯಾಕ ಅಂತ ಕೇಳಿದ. ಅವಂಗ ಅವತ್ತು ಹೇಳಿದ್ದನ್ನ ಇಲ್ಲಿ ಬರಿತೀನಿ. ಈ ವಿಚಾರ ಬರೇ ನಮ್ಮ ಮನಿ ಹುಡುಗನ ತಲಿಯಾಗ ಅಷ್ಟ ಇಲ್ಲ ಅಂತ ನನಗ ಗೊತ್ತೈತಿ.

ಬಿಲ್ಲು ಬಾಣ ನಮಗೇನು ಹೊಸದಲ್ಲ. ಹಾವೇರಿ ಜಿಲ್ಲೆಯ ತುಂಗಭದ್ರಾ ದಂಡಿ ಮ್ಯಾಲಿನ ಹಳ್ಳೂರಿನಲ್ಲಿ 1965ರಲ್ಲಿ ಉತ್ಖನನ ಮಾಡಿದಾಗ ಬಾಣದ ಕಬ್ಬಿಣದ ಮೊನೆಗಳು ಸಿಕ್ಕವು. ಅಲ್ಲಿಯ ಕಬ್ಬಿಣಕ್ಕೆ ಸುಮಾರು ಮೂರು ಸಾವಿರ ವರ್ಷದ ಲೆಕ್ಕ ಹೇಳುತ್ತಾರೆ. ನಮ್ಮ ಭಾಷೆಯನ್ನೇ ನೋಡ್ರಿ. ಅಂಬು, ಕಣೆ, ಸರಳು, ಕೋಲು, ಬಾಣ ಅಂತ ಎಷ್ಟು ಶಬ್ದ ಅದಾವ. ಬಿಲ್ಲಿನ ದಾರಕ್ಕ ಹೆದೆ, ಬಾಣ ಇಡೂದಕ್ಕ ಬತ್ತಳಿಕೆ. ಹಳೆಯ ಕಾವ್ಯದಾಗ ಅರ್ಧಚಂದ್ರ ಬಾಣ ಬರತೈತಿ. ಮೊನಿ ಅರ್ಧ ಚಂದ್ರನಂಗ ಅಗಲ ಇದ್ದು ಕೊಯ್ಯುವ ಬಾಣ ಅದು. ಕ್ಷುರಪ್ರ ಅಂತ ಇನ್ನೊಂದು, ಕ್ಷುರ ಅಂದ್ರ ಕ್ಷೌರದ ಕತ್ತಿ. ಅಗಲ ಮೊನಿಯ ವಿಚಾರ ಅಮೆರಿಕದಿಂದ ಬಂದದ್ದಲ್ಲ ಅನ್ನೂದಕ್ಕ ಇಷ್ಟು ಸಾಕು.

ಇನ್ನ ಹಂದಿ ಬ್ಯಾಟಿ. ನೀವು ಪಟ್ಟದಕಲ್ಲಿಗೆ ಹೋಗೇ ಇರತೀರಿ, ನಮಗೇನು ದೂರ ಅಲ್ಲ. ಅಲ್ಲಿಯ ಗುಡಿಗಳ ಕಲ್ಲಿನ್ಯಾಗ ಕಿರಾತಾರ್ಜುನರ ಕಥಿ ಕೆತ್ತ್ಯಾರ. ಆ ಗುಡಿ ಕಟ್ಟಿಸಿದ ಚಾಲುಕ್ಯರ ಕಾಲ ಎಂಟನೇ ಶತಮಾನ. ಅದಕ್ಕಿಂತ ಮೊದಲೇ, 634ರ ಐಹೊಳೆ ಶಾಸನದಾಗ ರವಿಕೀರ್ತಿ ತನ್ನನ್ನ ಕಾಳಿದಾಸನ ಜೊತಿಗೆ ಭಾರವಿಗೂ ಹೋಲಿಸಿಕೊಂಡಾನ. ಆ ಭಾರವಿ ಬರೆದ ಕಾವ್ಯವೇ ಕಿರಾತಾರ್ಜುನೀಯ. ಮುಂದ ನಮ್ಮ ಗದುಗಿನ ಕುಮಾರವ್ಯಾಸನೂ ಅದೇ ಕಥಿ ಕನ್ನಡದಾಗ ಹೇಳಿದ. ಕಥಿ ಎಲ್ಲರಿಗೂ ಗೊತ್ತು. ಅರ್ಜುನ ತಪಸ್ಸು ಮಾಡಾಕ ಹತ್ತಿದಾಗ ಮೂಕಾಸುರ ಹಂದಿ ರೂಪದಾಗ ಬರತಾನ. ಒಂದು ಕಡಿಂದ ಅರ್ಜುನ, ಇನ್ನೊಂದು ಕಡಿಂದ ಬ್ಯಾಡರವನ ವೇಷದ ಶಿವ, ಇಬ್ಬರೂ ಒಂದೇ ಹಂದಿಗೆ ಬಾಣ ಬಿಡತಾರ. ಹಂದಿ ಬೀಳತೈತಿ. ಆಮ್ಯಾಲೆ ಜಗಳ ಹತ್ತೂದು ಯಾರ ಬಾಣಕ್ಕ ಬಿತ್ತು ಅಂತ. ಹಂದಿ ತಪ್ಪಿಸಿಕೊಂಡು ಓಡಿ ಹೋಗಿ ಯಾರದೋ ಹೊಲದಾಗ ಮೂರು ದಿನ ನರಳಿ ಸತ್ತಿದ್ದರ ಆ ಜಗಳಾನೂ ಇರತಿರಲಿಲ್ಲ, ಕಾವ್ಯಾನೂ ಇರತಿರಲಿಲ್ಲ.

ಹಂದಿ ಅಂದ್ರ ಎಂಥಾ ಪ್ರಾಣಿ ಅನ್ನೂದಕ್ಕ ಇನ್ನೊಂದು ಕಲ್ಲು ಐತಿ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು. 949ರ ತಕ್ಕೋಲದ ಯುದ್ಧದಾಗ ರಾಷ್ಟ್ರಕೂಟರ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನ ಕೊಂದ. ಬೂತುಗನ ಕಡಿಯ ವೀರ ಮಣಲೇರ. ಏನು ಬೇಕು ಕೇಳು ಅಂದಾಗ ಮಣಲೇರ ಕೇಳಿದ್ದು ಕಾಳಿ ಅನ್ನೂ ನಾಯಿ. ಆ ನಾಯಿ ಒಂದು ದೊಡ್ಡ ಹಂದಿ ಜೊತಿ ಕಾದಾಡಿ, ಹಂದಿನೂ ಸತ್ತು ನಾಯಿನೂ ಸತ್ತಿತು. ನಾಯಿ ನೆನಪಿಗೆ ಕಲ್ಲು ನಿಲ್ಲಿಸಿದರು. ಅದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಾಗ ಐತಿ. ಅರಸರ ಮನಿಯ ಬ್ಯಾಟಿ ನಾಯಿಗೇ ಹಂಗಾದ ಮ್ಯಾಲೆ ಗಾಯಗೊಂಡ ಹಂದಿ ಮುಂದ ಕಳೇವು ಕೀಳೂ ಹೆಣಮಗಳೊಬ್ಬಾಕಿ ಸಿಕ್ಕರ ಏನಾದೀತು, ವಿಚಾರ ಮಾಡ್ರಿ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಮಾನಸೋಲ್ಲಾಸ ಅನ್ನೂ ದೊಡ್ಡ ಸಂಸ್ಕೃತ ಗ್ರಂಥ ಬರೆದ. ಅಡಿಗಿ, ಆನಿ, ಸಂಗೀತ, ಆಟ ಎಲ್ಲಾ ಅದರಾಗ ಐತಿ. ಬ್ಯಾಟಿಗೂ ಬ್ಯಾರೆ ಭಾಗ ಐತಿ, ಬಿಲ್ಲಿನ ಕೈಚಳಕಕ್ಕೂ ಜಾಗ ಐತಿ. ಆ ಕಾಲದಾಗ ನಮ್ಮ ಮಗ್ಗಲ ಸೂಡಿ ಅದೇ ಚಾಲುಕ್ಯರ ದೊಡ್ಡ ಊರು. ಅಂದ್ರ ಬ್ಯಾಟಿ ಅನ್ನೂದು ಕಲಿಯೂ ವಿದ್ಯೆ ಆಗಿತ್ತು. ಒಬ್ಬ ಬಿಲ್ಲು ಹಿಡಿದರ ಹಿಂದ ಸೋಹುವವರು, ಹೆಜ್ಜಿ ನೋಡುವವರು, ನಾಯಿ ಹಿಡಿದವರು ಇರತಿದ್ದರು.

ಊರಾಗ ಈ ವಿದ್ಯೆ ಉಳಿದದ್ದು ಬ್ಯಾಡರ ಮನೆತನಗಳಲ್ಲಿ. ಅವರಿಗೆ ಆಯುಧ ಅಂದ್ರ ಹೊಟ್ಟಿಪಾಡು, ಮರ್ಯಾದಿನೂ ಹೌದು. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣ ಕಾಯ್ದೆ ತಂದು ಆಯುಧ ಒಪ್ಪಿಸ್ರಿ ಅಂದಾಗ ಮುಧೋಳ ಸಂಸ್ಥಾನದ ಹಲಗಲಿ ಬ್ಯಾಡರು ಕೊಡೂದಿಲ್ಲ ಅಂದರು. ನವೆಂಬರ್ ಕೊನಿಗೆ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರ್‌ನಲ್ಲಿ ಮುಧೋಳ ಮತ್ತು ಹಲಗಲಿಯಲ್ಲಿ 19 ಮಂದಿಯನ್ನ ಗಲ್ಲಿಗೇರಿಸಿದರು. ಮರುವರ್ಷ, 1858ರ ಮೇ ತಿಂಗಳಾಗ, ನಮ್ಮ ನರಗುಂದದ ಬಾಬಾಸಾಹೇಬರು ಎದ್ದರು, ಸುರೇಬಾನದಾಗ ಮ್ಯಾನ್ಸನ್ ಸತ್ತ. ಮುಂಡರಗಿ ಭೀಮರಾಯರು ಕೊಪ್ಪಳ ಕೋಟೆಯಾಗ ಹೋರಾಡಿ ಪ್ರಾಣ ಕೊಟ್ಟರು. ಹಲಗಲಿ ಲಾವಣಿಯನ್ನ ಮುಂದ ಫ್ಲೀಟ್ ಅನ್ನೂ ಇಂಗ್ಲಿಷ್ ಅಧಿಕಾರಿಯೇ ಬರೆಸಿಕೊಂಡು ಅಚ್ಚು ಹಾಕಿಸಿದ. ನಮ್ಮ ಹುಡುಗ ಇಷ್ಟು ಕೇಳಿ, "ನೋಡ್ರಿ ಮಾಮಾ, ಅವರು ಆಯುಧ ಬಿಡಲಿಲ್ಲ, ನೀವು ನನಗ ಬಿಡು ಅಂತೀರಿ" ಅಂದ. ಮಾತು ಬರೋಬ್ಬರಿ ಐತಿ. ಆದರ ಹಲಗಲಿಯವರಿಗೆ ಆಯುಧದ ಜೊತಿ ಅದನ್ನ ಎಲ್ಲಿ ಹಿಡೀಬೇಕು, ಎಲ್ಲಿ ಇಳಿಸಬೇಕು ಅನ್ನೂದು ಹಿರಿಯರಿಂದ ಬಂದಿತ್ತು. ಇವಂಗ ಬಂದದ್ದು ಬರೇ ಕೊರಿಯರ್ ಡಬ್ಬಿ.

ಇದನ್ನ ನಾನು ದೊಡ್ಡಸ್ತಿಕಿಗೆ ಹೇಳೂದಿಲ್ಲ. ನಾ ಎಂಟನೆತ್ತೆ ಇದ್ದಾಗ ನಮ್ಮ ಓಣಿಯ ಬ್ಯಾಡರ ಅಜ್ಜ ಒಬ್ಬರು ನನಗ ಬಿದಿರಿನ ಬಿಲ್ಲು ಮಾಡಿ ಕೊಟ್ಟಿದ್ದರು. ಜ್ವಾಳದ ಕಣಿಕಿ ಸಿವುಡು ನಿಲ್ಲಿಸಿ ಹೊಡಿಯಾಕ ಕಲಿಸಿದರು. ಮೊನಿ ಇಲ್ಲದ ಬಾಣ ಅದು. ಅವರಿಗೆ ಹೇಳಲಾರದ ನಾನು ಕಮ್ಮಾರರ ಸಾಲಿಗೆ ಹೋಗಿ, ಮುರಿದ ಕುಡಗೋಲಿನ ತುಂಡಿನಿಂದ ಅಗಲ ಮೊನಿ ಬಡಿಸಿಕೊಂಡು ಬಂದೆ. ಸಂಜಿಮುಂದ ಜ್ವಾಳದ ಹೊಲದಾಗ ಕರ್ರಗ ಏನೋ ಅಲಗಾಡಿತು. ಹಂದಿ ಅಂತ ಬಿಟ್ಟೆ. ಒದರಿದ್ದು ನಮ್ಮ ಮನಿ ಎಮ್ಮಿಕರ.

ಬಾಣ ನಾ ಇಟ್ಟ ಗುರಿಗೂ ಹತ್ತಿರಲಿಲ್ಲ. ಭುಜಕ್ಕ ಅಂತ ಬಿಟ್ಟದ್ದು ಹಿಂದಿನ ತೊಡಿಗೆ ಹೋಗಿತ್ತು. ಕರ ಸಾಯಲಿಲ್ಲ, ಹುಟ್ಟಾ ಕುಂಟಾತು. ಅವ್ವ ಒಂದು ವಾರ ನನ್ನ ಜೊತಿ ಮಾತಾಡಲಿಲ್ಲ. ಆ ಅಜ್ಜ ಬಂದು ಗಾಯ ನೋಡಿ ಎರಡು ಮಾತು ಕೇಳಿದರು. "ಈ ಮೊನಿ ಹಾಕಿ ಸಿವುಡಿಗೆ ಎಷ್ಟು ಸಲ ಹೊಡದಿದ್ದಿ? ಅದರ ಕಣ್ಣು ನೋಡಿದ್ದೇನು?" ಎರಡಕ್ಕೂ ನನ್ನ ಹತ್ತರ ಉತ್ತರ ಇರಲಿಲ್ಲ. ಬಿಲ್ಲು ಇಸಗೊಂಡು ಹೋದರು, ಮತ್ತ ಕೊಡಲಿಲ್ಲ.

ಈಗ ಮೊಬೈಲ್‌ನ್ಯಾಗ ಓದಿದರ ಅಮೆರಿಕದವರೂ ಅದನ್ನೇ ಹೇಳತಾರ. ಅಲ್ಲಿ ಇಶಿ ಅಂತ ಒಬ್ಬ ಮೂಲನಿವಾಸಿ ಇದ್ದ. ತನ್ನ ಯಾಹಿ ಜನದಾಗ ಕೊನಿಗೆ ಉಳಿದವ ಅವನೊಬ್ಬನೇ. 1911ರಲ್ಲಿ ಹೊರಗಿನವರಿಗೆ ಸಿಕ್ಕ, 1916ರಲ್ಲಿ ತೀರಿಕೊಂಡ. ಅವನ ಹತ್ತರ ಬಿಲ್ಲು ವಿದ್ಯೆ ಕಲಿತ ಡಾಕ್ಟರ್ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಪುಸ್ತಕ ಬರೆದ ಮ್ಯಾಲೆ ಅಲ್ಲಿ ಬಿಲ್ಲಿನ ಬ್ಯಾಟಿ ಮತ್ತ ಬೆಳೀತು. ವಿಸ್ಕಾನ್ಸಿನ್ ರಾಜ್ಯ 1934ರಲ್ಲಿ ಬಿಲ್ಲಿನವರಿಗೆ ಜಿಂಕಿ ಬ್ಯಾಟಿಯ ಬ್ಯಾರೆ ಹಂಗಾಮೇ ಇಟ್ಟಿತು. ಅಲ್ಲಿ ಲೈಸನ್ಸ್ ಐತಿ, ದಿನ ಗೊತ್ತು ಮಾಡಿರತಾರ, ಎಷ್ಟು ಪ್ರಾಣಿ ಅನ್ನೂ ಲೆಕ್ಕ ಐತಿ. ಹಂಗಾಮಿಗೆ ಮೊದಲು ರೂಢಿ ಮಾಡೂದು ಬ್ಯಾಟಿಗೆ ಒಯ್ಯೂ ಮೊನಿಯಿಂದಲೇ. ಯಾಕಂದ್ರ ಬ್ಲೇಡು ಅಂದ್ರ ಸಣ್ಣ ರೆಕ್ಕಿ, ಗಾಳಿ ಹಿಡಿತೈತಿ. ಮೊಳಿ ಬಾಣ ಹೋದಲ್ಲಿ ಅಗಲ ಮೊನಿ ಹೋಗೂದಿಲ್ಲ. ನನ್ನ ಬಾಣ ತೊಡಿಗೆ ಯಾಕ ಹೋತು ಅನ್ನೂದು ನನಗ ತಿಳಿದದ್ದು ನಲವತ್ತು ವರ್ಷದ ಮ್ಯಾಲೆ. ಗುರಿಯ ಚೀಲಾನೂ ಬ್ಯಾರೆ ಬೇಕು, ಹೊಟ್ಟಿನ ಚೀಲ ಬ್ಲೇಡಿಗೆ ಹರಿದು ಹೋಗತೈತಿ. ಪದರ ಪದರ ಒತ್ತಿದ ಫೋಮಿನ ಗಟ್ಟಿ ಇಡತಾರ. ಇಲ್ಲಾ ಪ್ರಾಣಿ ಆಕಾರದ ಗೊಂಬಿ ನಿಲ್ಲಿಸಿ, ಎದಿಗೂಡು ಎಲ್ಲಿ ಐತಿ ಅಂತ ಕಲಿತಾರ. ಬಾಣ ಗುಂಡಿನಂಗ ಧಕ್ಕಿಗೆ ಕೆಡವೂದಿಲ್ಲ, ರಕ್ತ ಹರಿಸಿ ಕೊಲ್ಲತೈತಿ. ಹತ್ತಬೇಕಾದಲ್ಲಿ ಹತ್ತಲಿಲ್ಲ ಅಂದ್ರ ಪ್ರಾಣಿ ಓಡಿ ಹೋಗಿ ನರಳತೈತಿ. ಅದಕ್ಕ ಕತ್ತಲಾಗ ಹೊಡಿಬ್ಯಾಡ್ರಿ, ಕಾಣದ್ದಕ್ಕ ಹೊಡಿಬ್ಯಾಡ್ರಿ, ಹಿಂದ ಏನೈತಿ ನೋಡಲಾರದ ಹೊಡಿಬ್ಯಾಡ್ರಿ ಅಂತಾರ. ನಮ್ಮ ಹುಡುಗ ಮಾಡಬೇಕಂತ ಇದ್ದದ್ದು ಈ ಮೂರನ್ನೂ.

ಇನ್ನ ನಮ್ಮ ದೇಶದಾಗ ಹಂಗಾಮೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮ್ಯಾಲೆ ಬ್ಯಾಟಿ ಅಪರಾಧ. ಗುಂಡು, ಉರುಳು, ಬಾಣ ಯಾವುದಾದರೂ ಒಂದೇ. ನಮ್ಮ ಕಡಿ ಹೆಸರು, ಕಡಲಿ ಮೇಯೂ ಚಿಗರಿ ಕಾಯ್ದೆಯ ಮೊದಲನೇ ಪಟ್ಟಿಯಾಗ ಐತಿ. ಅದನ್ನ ಕೊಂದರ ಮೂರು ವರ್ಷಕ್ಕ ಕಡಿಮಿ ಇಲ್ಲದಂಗ ಏಳು ವರ್ಷದ ತನಕ ಜೈಲು. ಹಂದಿನೂ ಕಾಯ್ದೆಯೊಳಗೇ ಐತಿ. ಬೆಳಿ ಹಾಳು ಮಾಡತೈತಿ ಅಂತ ನಾವೇ ತೀರ್ಮಾನ ಮಾಡಿ ಕೊಲ್ಲೂ ಹಂಗಿಲ್ಲ, ಬರವಣಿಗಿಯಾಗ ಪರವಾನಗಿ ಬೇಕು. ಈ ಕಾಯ್ದೆ ರೈತನ ನಷ್ಟಕ್ಕ ಸರಿಯಾಗಿ ಉತ್ತರ ಕೊಡತೈತಿ ಅಂತ ನಾ ಅನ್ನೂದಿಲ್ಲ. ಹದಿನೈದು ಸಾಲು ಹೋದ ನೋವು ನನಗೂ ಐತಿ. ಆದರ ಇಪ್ಪತ್ತೆರಡು ವರ್ಷದ ಹುಡುಗನ ಏಳು ವರ್ಷ ಆ ಸಾಲಿಗಿಂತ ದೊಡ್ಡದು.

ಇಷ್ಟೆಲ್ಲಾ ಕೇಳಿ ಅವ ಸುಮ್ಮನ ಕುಂತ. ಆಮ್ಯಾಲೆ, "ಹಂಗಾರ ಇದನ್ನ ಏನ್ ಮಾಡ್ಲಿ?" ಅಂದ. ಬ್ಲೇಡಿನ ಮೊನಿ ಆರೂ ನನ್ನ ಕೈಗೆ ಕೊಡು ಅಂದೆ. ಕೊಟ್ಟ. ಬಿಲ್ಲು, ಮೊಳಿ ಬಾಣ ಅವನ ಹತ್ತರ ಇರಲಿ. ಒಲಿಂಪಿಕ್ಸ್‌ನ್ಯಾಗ 70 ಮೀಟರ್ ದೂರಕ್ಕ 122 ಸೆಂಟಿಮೀಟರ್ ಅಗಲದ ಗುರಿ ಇಡತಾರ. ಡೆಂಗಿ ಜ್ವರಕ್ಕ ಕೊಟ್ಟ ಇಂಜೆಕ್ಷನ್‌ನಿಂದ ಕಾಲಿನ ಬಲ ಕಳಕೊಂಡ ಅಂತ ಹೇಳೂ ಹರಿಯಾಣದ ಹರ್ವಿಂದರ್ ಸಿಂಗ್ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ್ಯಾಗ ಅದೇ ಬಿಲ್ಲು ವಿದ್ಯೆಗೆ ಬಂಗಾರ ತಂದಾನ. ಇಪ್ಪತ್ತು ಹೆಜ್ಜಿ ಬಿಟ್ಟು ಮೊದಲ ಮೂವತ್ತು ಮೀಟರ್ ಹೊಡದು ತೋರಿಸು, ಚೀಲಕ್ಕ ನಾ ಹೊಟ್ಟು ಕೊಡತೀನಿ ಅಂದೆ.

ಮರುದಿನ ಇಬ್ಬರೂ ಕೂಡಿ ಹಾಳಾದ ಸಾಲಿನ ಫೋಟೋ ತಗೊಂಡು, ಉತಾರ ಹಚ್ಚಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಟ್ಟು ಬಂದಿವಿ. ನೀವೂ ಬೆಳಿ ತಗಿಯೂ ಮುಂಚೆ ಫೋಟೋ ತಗೊಂಡು ಕೊಡ್ರಿ. ಆಮ್ಯಾಲೆ ಹೋದರ ನೋಡಾಕ ಏನೂ ಉಳಿದಿರೂದಿಲ್ಲ. ಲೈನಿನ ಕರೆಂಟು ನೇರವಾಗಿ ತಂತಿಗೆ ಮಾತ್ರ ಯಾರೂ ಕೊಡಬ್ಯಾಡ್ರಿ, ಅದು ಬಾಣಕ್ಕಿಂತ ಕುರುಡು. ಗುಡ್ಡದ ಮಗ್ಗಲ ಹೊಲದವರು ನಾಲ್ಕೈದು ಮಂದಿ ಕೂಡಿ ಪಾಳಿ ಹಚ್ಚಿ ಕಾಯಾಕ ಸುರು ಮಾಡೀವಿ. ಡಬ್ಬಿ ಬಡಿತೀವಿ, ಬ್ಯಾಟರಿ ಬಿಡತೀವಿ. ನಿನ್ನಿ ರಾತ್ರಿ ನಮ್ಮ ಹುಡುಗಂದೇ ಪಾಳಿ ಇತ್ತು, ಹಂದಿ ಬದು ದಾಟಲಿಲ್ಲ. ಪಾಳಿಗೆ ಇನ್ನೂ ಮಂದಿ ಬೇಕು. ಬರೂವರು ಸಂಜಿಮುಂದ ನಮ್ಮ ಹೊಲದ ಬೇವಿನ ಗಿಡದ ಹತ್ತರ ಬರ್ರಿ.