‘ಶುದ್ಧ ರಕ್ತ’, ‘ಅಶುದ್ಧ ರಕ್ತ’: ಎರಡು ಪಾಠಪುಸ್ತಕ ಶಬ್ದಗಳ ವಿಚಾರ

ಬಸವನಗುಡಿಯ ಕಾಲೇಜೊಂದರಲ್ಲಿ ರಕ್ತದಾನದ ಏರ್ಪಾಡು ನಡೆದಿದ್ದಾಗ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಸೂಜಿಯನ್ನು ಚುಚ್ಚುವುದು ಮೊಣಕೈಯ ಬಳಿಯ ಅಭಿಧಮನಿಗೆ. ಅದರಲ್ಲಿ ಹರಿಯತಕ್ಕದ್ದು ಅಶುದ್ಧ ರಕ್ತವೆಂದು ಶಾಲೆಯಲ್ಲಿ ಓದಿದ್ದೇವೆ. ಅಂಥದನ್ನು ರೋಗಿಗೆ ಕೊಡಬಹುದೆ? ಹೀಗೆಂದು ಆತನು ಸಾಲಿನಿಂದ ಹಿಂದೆ ಸರಿದನು. ತರ್ಕದಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಶಬ್ದದಲ್ಲಿ.

ರಕ್ತಪರಿಚಲನೆಯನ್ನು ಹಾರ್ವೆಯು 1628ರಲ್ಲಿ ಪ್ರಕಟಪಡಿಸಿದನು. ಉಸಿರಾಟವು ಒಂದು ಬಗೆಯ ದಹನವೆಂದು ಲವಾಸಿಯೆ ಮುಂದಿನ ಶತಮಾನದಲ್ಲಿ ಪ್ರತಿಪಾದಿಸಿದನು. (ಆಮ್ಲಗಳಿಗೆಲ್ಲ ಮೂಲವೆಂದು ಭ್ರಮಿಸಿ ಅವನಿಟ್ಟ ಹೆಸರೇ ನಮ್ಮ ‘ಆಮ್ಲಜನಕ’. ಈ ತಪ್ಪಿನಿಂದ ಯಾರಿಗೂ ಹಾನಿಯಾದಂತಿಲ್ಲ.) 1837ರಲ್ಲಿ ಬರ್ಲಿನ್ನಿನ ಮಾಗ್ನುಸ್ ಎಂಬಾತನು ಅಪಧಮನಿ, ಅಭಿಧಮನಿ ಎರಡರ ರಕ್ತದಿಂದಲೂ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಹೊರತೆಗೆದು ತೋರಿಸಿದನು. ಶುದ್ಧಾಶುದ್ಧ ವಿಭಾಗವು ಅಂದೇ ಬಿದ್ದುಹೋಗಬೇಕಾಗಿತ್ತು. ಆದರೂ ಇಂಗ್ಲಿಷ್ ಪಾಠಪುಸ್ತಕಗಳಲ್ಲಿ ಅದು ಉಳಿಯಿತು, ಕನ್ನಡದಲ್ಲಿಯೂ ನೆಲೆಯೂರಿತು.

ಅಂಕಿಗಳನ್ನು ನೋಡೋಣ. ವಿಶ್ರಾಂತ ಸ್ಥಿತಿಯಲ್ಲಿ 100 ಮಿಲಿಲೀಟರ್ ‘ಶುದ್ಧ’ ರಕ್ತದಲ್ಲಿ ಆಮ್ಲಜನಕವು ಸುಮಾರು 20 ಮಿಲಿಲೀಟರ್, ‘ಅಶುದ್ಧ’ ರಕ್ತದಲ್ಲಿ 15. ಇಂಗಾಲದ ಡೈಆಕ್ಸೈಡ್ ಮೊದಲನೆಯದರಲ್ಲಿ ಸುಮಾರು 48, ಎರಡನೆಯದರಲ್ಲಿ 52. ಅಂದರೆ ‘ಶುದ್ಧ’ ರಕ್ತದಲ್ಲಿಯೂ ಆಮ್ಲಜನಕದ ಎರಡರಷ್ಟಕ್ಕಿಂತ ಹೆಚ್ಚಾಗಿ ಇರುವುದು ಆ ‘ಮಲ’ವೇ! ಆಮ್ಲಜನಕವನ್ನು ಬಹುಮಟ್ಟಿಗೆ ಹೊರುವುದು ಕೆಂಪುಕಣಗಳ ಹಿಮೋಗ್ಲೋಬಿನ್. ಇಂಗಾಲದ ಡೈಆಕ್ಸೈಡಿನ ಹೆಚ್ಚಿನ ಭಾಗ ಬೈಕಾರ್ಬೊನೇಟಾಗಿ ಸಾಗುತ್ತದೆ, ರಕ್ತದ ಆಮ್ಲತೆಯನ್ನು ಹದದಲ್ಲಿಡುತ್ತದೆ. ಅಷ್ಟೇ ಅಲ್ಲ, ಈ ಅನಿಲವು ಹೆಚ್ಚಿದಲ್ಲಿ ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದೆಂದು ಕೋಪನ್‌ಹೇಗನ್ನಿನ ಬೋರ್ ಮತ್ತು ಸಂಗಡಿಗರು 1904ರಲ್ಲಿ ಕಂಡುಕೊಂಡರು. ದುಡಿಯುವ ಸ್ನಾಯುವಿಗೆ ಉಸಿರು ದೊರಕಲು ಇದೂ ಒಂದು ಕಾರಣ.

ಇಂಗ್ಲಿಷಿನಲ್ಲಿ ಆ ಶಬ್ದಗಳು ಬರಿಯ ಸಡಿಲ ಮಾತು. ಮಡಿ ಮೈಲಿಗೆಗಳ ನಾಡಿನಲ್ಲಿ ಹಾಗಲ್ಲ. ಅಶುದ್ಧವೆಂದೊಡನೆ ಮುಟ್ಟಬಾರದೆಂಬ ಅರ್ಥವೂ ಕೂಡಿಕೊಳ್ಳುತ್ತದೆ. ಪಾರಿಭಾಷಿಕ ಶಬ್ದಗಳ ಚರ್ಚೆ ಬೆಂಗಳೂರಿಗೆ ಹೊಸದಲ್ಲ. 1915ರಲ್ಲಿ ಸ್ಥಾಪಿತವಾಗಿ ಇಂದು ಚಾಮರಾಜಪೇಟೆಯಲ್ಲಿರುವ ಸಾಹಿತ್ಯ ಪರಿಷತ್ತಿಗೂ ಆ ಕಾಳಜಿಯಿತ್ತು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಅಲ್ಪಾಯುವಾದುದು ಶೋಚನೀಯ. ಆ ಹಿರಿಯರು ಶಬ್ದಗಳಿಲ್ಲವೆಂದು ಪೇಚಾಡಿದರು. ನಾವೋ ಸಿಕ್ಕಿದ ಶಬ್ದವನ್ನು ಪರೀಕ್ಷಿಸದೆ ಬಿಟ್ಟಿದ್ದೇವೆ.

‘ಆಮ್ಲಜನಕ ಹೆಚ್ಚಿರುವ ರಕ್ತ’, ‘ಆಮ್ಲಜನಕ ಕಡಿಮೆಯಿರುವ ರಕ್ತ’ ಎಂದು ಬರೆಯಬಹುದೆಂದು ನಮ್ಮ ಅಭಿಪ್ರಾಯ. ಇದು ಉದ್ದವಾಯಿತೆಂದು ಮಿತ್ರರೊಬ್ಬರು ಆಕ್ಷೇಪಿಸಿದ್ದಾರೆ. ಆ ವಿದ್ಯಾರ್ಥಿಗೆ ಅಲ್ಲಿದ್ದ ವೈದ್ಯರು ಇದನ್ನೇ ಎರಡು ನಿಮಿಷಗಳಲ್ಲಿ ವಿವರಿಸಲು, ಆತನು ಮರಳಿ ಸಾಲಿನಲ್ಲಿ ನಿಂತನು.